ಉರಿಬಿಸಿಲಿನ ಮರುಭೂಮಿಯಲ್ಲಿ ಹಕ್ಕಿ ಹಬ್ಬ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ, ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ಆಗ ಅಲ್ಲಿ ನಡೆದ ಹಕ್ಕಿ ಮತ್ತು ನಿಸರ್ಗ ಹಬ್ಬಕ್ಕೆ ಹೋಗಿದ್ದನ್ನು ಕಳೆದ ಸಂಚಿಕೆಯ ಈ ಅಂಕಣದ ಕೊನೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಆ ನಾಲ್ಕು ಸಾಲಿಗೆ ಬಂದಷ್ಟು ಪತ್ರಗಳು ಇಡೀ ವರ್ಷ ನಾನು ಬರೆದ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಮೀಸಲು.

*ಮಂಡ್ಯದಲ್ಲಿ ಏಪ್ರಿಲ್ ಬಿಸಿಲಿಗೇ ನಾವು ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ನಲವತ್ತು ಡಿಗ್ರಿ ಬಿಸಿಲಿನ ಮರುಭೂಮಿಯಲ್ಲಿ ಹಕ್ಕಿ ಹಬ್ಬವೇ? ಚಳಿಗಾಲದಲ್ಲಿ ಮಾಡಬಾರದೇ?*
— ನಿವೃತ್ತ ಬ್ಯಾಂಕ್ ನೌಕರರು, ಮಂಡ್ಯ

ವಿಮಾನದ ಟಿಕೆಟ್ ತೆಗೆಯುವಾಗ ನಾನೂ ಮಗಳಿಗೆ ಇದೇ ಪ್ರಶ್ನೆ ಹಾಕಿದ್ದೆ. ಉತ್ತರ ಅಲ್ಲಿಗೆ ಹೋದ ಮೂರನೆಯ ದಿನ ಸಿಕ್ಕಿತು, ಆಕಾಶದಿಂದಲೇ.

ಟೂಸಾನ್ ಇರುವುದು ಸೊನೊರಾ ಮರುಭೂಮಿಯಲ್ಲಿ. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ನಮ್ಮ ಮೈಸೂರಿನಷ್ಟೇ ಎತ್ತರ. ಆದರೆ ಮಳೆ ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಾತ್ರ. ಮೈಸೂರಿಗೆ ಬೀಳುವುದರ ಅರ್ಧವೂ ಅಲ್ಲ. ಆ ಮಳೆ ಎರಡು ಪಾಲಾಗಿ ಬರುತ್ತದೆ. ಚಳಿಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಬರುವ ಮೆಲ್ಲನೆಯ ಮಳೆ ಒಂದು ಪಾಲು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಸಿಡಿಲಿನೊಂದಿಗೆ ಸುರಿಯುವ ಮಳೆ ಇನ್ನೊಂದು ಪಾಲು. ಈ ಎರಡನೆಯದನ್ನು ಅಲ್ಲಿಯ ಜನರು ಮಾನ್ಸೂನ್ ಎಂದೇ ಕರೆಯುತ್ತಾರೆ. ವರ್ಷಕ್ಕೆ ನಾಲ್ಕಲ್ಲ, ಐದು ಋತುಗಳನ್ನು ಎಣಿಸುತ್ತಾರೆ: ಬೇಸಿಗೆಯನ್ನು ಒಣಬೇಸಿಗೆ, ಮಳೆಬೇಸಿಗೆ ಎಂದು ಎರಡು ಮಾಡಿಕೊಂಡಿದ್ದಾರೆ. ಮೇ, ಜೂನ್ ತಿಂಗಳುಗಳಲ್ಲಿ ನೆಲ ಹೆಂಚಿನಂತೆ ಕಾಯುತ್ತದೆ. ಜೂನ್ ಕೊನೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓ'ಓಧಮ್ ಜನರು ಸವಾರೊ ಎಂಬ ದೈತ್ಯ ಕಳ್ಳಿಯ ಹಣ್ಣನ್ನು ಉದ್ದನೆಯ ದೋಟಿಯಿಂದ ಕೀಳುತ್ತಾರೆ. ಅದರ ರಸವನ್ನು ಹುಳಿಯಿಟ್ಟು ಕುಡಿದು, ಹಾಡಿ ಮಳೆಯನ್ನು ಕರೆಯುತ್ತಾರೆ. ಅವರ ಹೊಸ ವರ್ಷ ಆಗ ಆರಂಭವಾಗುತ್ತದೆ. ಅದನ್ನು ಕೇಳಿದಾಗ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಿದ್ದ ನಮ್ಮೂರಿನ ಮಕ್ಕಳು ಕಣ್ಣ ಮುಂದೆ ಬಂದರು.

ಆ ಮೂರನೆಯ ದಿನದ ಸಂಜೆಯನ್ನು ಹೇಳುತ್ತೇನೆ. ನಾಲ್ಕು ಗಂಟೆಯವರೆಗೂ ಆಕಾಶ ಬಿಳಿಚಿಕೊಂಡಿತ್ತು. ಐದಕ್ಕೆ ದಕ್ಷಿಣದ ಬೆಟ್ಟದ ಮೇಲೆ ಮೋಡ ಎದ್ದಿತು. ಮಳೆ ಬರುವುದಕ್ಕೆ ಹತ್ತು ನಿಮಿಷ ಮೊದಲೇ ಒಂದು ವಾಸನೆ ಬಂತು. ನಮ್ಮ ಮೊದಲ ಮಳೆಯ ಮಣ್ಣಿನ ವಾಸನೆಯಲ್ಲ. ರಾಳ, ಸಾಂಬ್ರಾಣಿ, ಒದ್ದೆ ಸೊಪ್ಪು ಒಟ್ಟಾದಂಥ ಘಾಟು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬೆಳೆಯುವ ಕ್ರಿಯೊಸೋಟ್ ಎಂಬ ಪೊದೆಯ ಎಲೆಗೆ ಅಂಟಿನ ಲೇಪವಿದೆ, ತೇವಕ್ಕೆ ಅದು ಘಮಗುಟ್ಟುತ್ತದೆ. ಒಂದು ಎಲೆಯನ್ನು ಕಿತ್ತು ಅಂಗೈಯಲ್ಲಿಟ್ಟು ಉಸಿರು ಬಿಟ್ಟರೂ ಸಾಕು, ಮಳೆಯ ವಾಸನೆ ಬರುತ್ತದೆ. ಆ ಎಲೆಯೊಂದನ್ನು ಆ ತಿಂಗಳೆಲ್ಲ ಪುಸ್ತಕದ ನಡುವೆ ಇಟ್ಟುಕೊಂಡಿದ್ದೆ.

ಮಳೆ ಬಂದದ್ದು ನಲವತ್ತು ನಿಮಿಷ. ಕತ್ತಲಾದ ಮೇಲೆ ಮನೆಯ ಹಿಂದಿನ ಒಣಹಳ್ಳದಿಂದ ಕುರಿಮರಿಗಳು ಒಟ್ಟಿಗೆ ಅರಚಿದಂತೆ ಸದ್ದು. ಟಾರ್ಚ್ ಹಿಡಿದು ಹೋದರೆ ಕಪ್ಪೆಗಳು! ಸ್ಪೇಡ್‌ಫುಟ್ ಎಂಬ ಈ ಕಪ್ಪೆ ವರ್ಷದ ಬಹುಪಾಲು ನೆಲದೊಳಗೆ ಹೂತುಕೊಂಡಿರುತ್ತದೆ. ಮಳೆ, ಗುಡುಗಿನ ಅದುರು ತಟ್ಟಿದಾಗ ಮೇಲೆ ಬರುತ್ತದೆ. ಕೆಸರುಗುಂಡಿ ಆರುವುದರೊಳಗೆ ಮೊಟ್ಟೆ ಮರಿಯಾಗಿ, ಮರಿ ಕಪ್ಪೆಯಾಗಬೇಕು. ಅದಕ್ಕೆ ಎಂಟೊಂಬತ್ತು ದಿನಗಳೂ ಸಾಕಾಗುತ್ತವೆ.

ಹಕ್ಕಿಗಳೂ ಇದೇ ಲೆಕ್ಕದಲ್ಲಿ ಬದುಕುತ್ತವೆ. ರೂಫಸ್ ವಿಂಗ್ಡ್ ಸ್ಪ್ಯಾರೊ ಎಂಬ ಪುಟ್ಟ ಹಕ್ಕಿ ಬೇಸಿಗೆಯ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗೂಡು ಕಟ್ಟಲು ತೊಡಗುತ್ತದೆ. ಹುಲ್ಲು ಚಿಗುರಿ, ಹುಳು ಹೆಚ್ಚಿ, ಮರಿಗೆ ಕೊಡಲು ಆಹಾರ ಸಿಗುವುದು ಆಗಲೇ. ಅದೇ ಹೊತ್ತಿಗೆ ಉತ್ತರದಲ್ಲಿ ಸಂತಾನ ಮುಗಿಸಿದ ಹಮ್ಮಿಂಗ್ ಬರ್ಡ್‌ಗಳು ದಕ್ಷಿಣಕ್ಕೆ ಹೊರಟು ಈ ದಾರಿಯಲ್ಲೇ ಹಾಯುತ್ತವೆ. ಮೆಕ್ಸಿಕೊದ ಕಡೆಯ ಅಪರೂಪದ ಹಕ್ಕಿಗಳು ಬೆಟ್ಟದ ಕಣಿವೆಗಳಲ್ಲಿ ಇನ್ನೂ ಉಳಿದಿರುತ್ತವೆ. ಮೂರೂ ಕೂಡುವ ತಿಂಗಳು ಆಗಸ್ಟ್. ಹಬ್ಬ ಇಟ್ಟಿರುವುದು ಅದಕ್ಕೇ. ಬಿಸಿಲನ್ನು ಅಳೆದವರು ಚಳಿಗಾಲದಲ್ಲಿ ಇಡುತ್ತಿದ್ದರೇನೋ. ಇವರು ಮಳೆಯನ್ನು ಅಳೆದವರು.

*ಹಬ್ಬದಲ್ಲಿ ಏನೇನು ನಡೆಯುತ್ತದೆ? ಮೆರವಣಿಗೆ, ಭಾಷಣ ಇರುತ್ತವೆಯೇ?*
— ಪದವಿ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಮೆರವಣಿಗೆ ಇಲ್ಲ. ಭಾಷಣ ಇದೆ, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ, ತಂಪಾದ ಸಭಾಂಗಣದೊಳಗೆ. ಹಬ್ಬವನ್ನು ನಡೆಸುವುದು ಟೂಸಾನ್ ಬರ್ಡ್ ಅಲಯನ್ಸ್ ಎಂಬ ಹಳೆಯ ಪಕ್ಷಿಪ್ರೇಮಿ ಸಂಸ್ಥೆ; 2024ರವರೆಗೆ ಅದರ ಹೆಸರು ಟೂಸಾನ್ ಅಡುಬಾನ್ ಎಂದಿತ್ತು. ನಸುಕಿನಲ್ಲಿ, ಇನ್ನೂ ನಕ್ಷತ್ರಗಳಿರುವಾಗಲೇ, ಹತ್ತು ಹನ್ನೆರಡು ಜನರ ಗುಂಪುಗಳು ವ್ಯಾನಿನಲ್ಲಿ ಹೊರಡುತ್ತವೆ. ಒಂದು ಗುಂಪು ಊರ ಪಕ್ಕದ ಸ್ವೀಟ್‌ವಾಟರ್ ಜೌಗಿಗೆ. ನಗರದ ಕೊಳಚೆ ನೀರನ್ನು ಶುದ್ಧೀಕರಿಸಿ ಹರಿಸಿ ಮಾಡಿದ ಜೌಗು ಅದು. ಮರುಭೂಮಿಯ ನಡುವೆ ಬಾತುಗಳು ಈಜುತ್ತಿರುತ್ತವೆ. ಇನ್ನೊಂದು ಗುಂಪು ಮಡೇರಾ ಕಣಿವೆಗೆ. ಮತ್ತೊಂದು ಮೌಂಟ್ ಲೆಮನ್‌ಗೆ. ಆ ಬೆಟ್ಟದ ತುದಿ 2,791 ಮೀಟರ್. ಕಳ್ಳಿಗಳ ನಡುವೆ ಹೊರಟ ವ್ಯಾನು ಒಂದು ಗಂಟೆಯಲ್ಲಿ ಪೈನ್ ಮರಗಳ ತಂಪಿಗೆ ಬಂದು ನಿಲ್ಲುತ್ತದೆ. ಮರುಭೂಮಿಯ ಸಮುದ್ರದಲ್ಲಿ ನಡುಗಡ್ಡೆಗಳಂತೆ ಎದ್ದ ಈ ಬೆಟ್ಟಗಳನ್ನು ಅಲ್ಲಿ ಆಕಾಶದ್ವೀಪಗಳು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಷ್ಟು ಬಗೆಯ ಹಕ್ಕಿಗಳು ಒಂದೇ ಕಡೆ ಸಿಗುವುದು ಈ ಎತ್ತರದ ಮೆಟ್ಟಿಲುಗಳಿಂದಾಗಿಯೇ.

ಮಡೇರಾ ಕಣಿವೆಯಲ್ಲಿ ನಾನು ಎಲಿಗೆಂಟ್ ಟ್ರೋಗನ್ ನೋಡಿದೆ. ನಮ್ಮ ಮಲೆನಾಡಿನ ಕಾಕರಣೆ ಹಕ್ಕಿಯ ಕುಲದ್ದೇ. ಹಸಿರು ಬೆನ್ನು, ಕುಂಕುಮದ ಹೊಟ್ಟೆ. ಸಿಕಮೋರ್ ಮರದ ಕೊಂಬೆಯಲ್ಲಿ ಬೆನ್ನು ತಿರುಗಿಸಿ ಕುಳಿತಿತ್ತು. ಒಮ್ಮೆ ತಿರುಗಿತು, ಹಾರಿತು. ನಾಲ್ಕೈದು ಸೆಕೆಂಡು ಇರಬಹುದು. ಗುಂಪಿನಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ಐದು ನಿಮಿಷ ಮಾತನಾಡಲಿಲ್ಲ.

ಸಂಜೆ ರಿಯೀಟೊ ಎಂಬ ಒಣನದಿಯ ಸೇತುವೆಯ ಬಳಿ ನಿಂತರೆ, ಸಿಮೆಂಟಿನ ಸಂದಿಗಳಿಂದ ಬಾವಲಿಗಳು ಹೊಗೆಯಂತೆ ಹೊರಬರುತ್ತವೆ. ಊರಿನವರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನೋಡುತ್ತಾರೆ.

*ಅಲ್ಲಿ ಸಕ್ಕರೆ ನೀರಿಟ್ಟು ಹಮ್ಮಿಂಗ್ ಬರ್ಡ್‌ಗಳನ್ನು ಕರೆಯುತ್ತಾರೆ ಎಂದು ಬರೆದಿದ್ದಿರಿ. ನಮ್ಮ ಬಾಲ್ಕನಿಯಲ್ಲೂ ಅದೇ ಬಾಟಲಿ ತೂಗುಹಾಕಿದರೆ ಬರುತ್ತವೆಯೇ?*
— ಗೃಹಿಣಿ, ಕುವೆಂಪುನಗರ, ಮೈಸೂರು

ಬರುವುದಿಲ್ಲ. ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಿಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ. ಎರಡೂ ಹೂವಿನ ಮಧು ಕುಡಿಯುತ್ತವೆ, ಎರಡಕ್ಕೂ ಮಿಂಚುವ ಬಣ್ಣವಿದೆ, ಆದರೆ ಕುಲ ಬೇರೆ ಬೇರೆ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕುಳಿತು ಕುಡಿಯುತ್ತದೆ. ಹಮ್ಮಿಂಗ್ ಬರ್ಡ್ ಸೆಕೆಂಡಿಗೆ ಐವತ್ತರ ಆಸುಪಾಸು ಸಲ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಮಗಳ ಮನೆಯ ಅಂಗಳದ ಬಾಟಲಿಗೆ ಬಂದ ರೂಫಸ್ ಹಮ್ಮಿಂಗ್ ಬರ್ಡ್‌ನ ತೂಕ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಅದರ ಬಳಗ ಅಲಾಸ್ಕದವರೆಗೂ ಹೋಗಿ ಮರಿ ಮಾಡಿ, ಮೆಕ್ಸಿಕೊಗೆ ಮರಳುತ್ತದೆ. ಆ ದೂರವನ್ನು ಭೂಪಟದಲ್ಲಿ ಬೆರಳಿಟ್ಟು ಅಳೆದು ನೋಡಿ.

ಅಲ್ಲಿ ನಾಲ್ಕು ಲೋಟ ನೀರಿಗೆ ಒಂದು ಲೋಟ ಬಿಳಿ ಸಕ್ಕರೆ ಹಾಕುತ್ತಾರೆ. ಬಣ್ಣ ಬೆರೆಸಬಾರದು, ಬಿಸಿಲಿಗೆ ಹುಳಿಯಾಗುವ ಮೊದಲೇ ಬದಲಾಯಿಸಬೇಕು. ನೀವು ಇಲ್ಲಿ ಸಕ್ಕರೆ ನೀರು ಇಡುವುದು ಬೇಡ. ಬಾಲ್ಕನಿಯ ಕುಂಡದಲ್ಲಿ ದಾಸವಾಳ ಹಾಕಿ, ಜಾಗವಿದ್ದರೆ ರತ್ನಗಂಧಿ. ಲೋಳೆಸರ ಹೂಬಿಟ್ಟರೆ ಕೀಳಬೇಡಿ. ಮತ್ತು ಮೂಲೆಯ ಜೇಡರಬಲೆಯನ್ನು ಪ್ರತಿ ವಾರ ಗುಡಿಸಬೇಡಿ. ಸೂರಕ್ಕಿ ತನ್ನ ತೂಗುಗೂಡನ್ನು ಹೆಣೆಯುವುದು ಅದೇ ನೂಲಿನಿಂದ. ಹಮ್ಮಿಂಗ್ ಬರ್ಡ್ ಸಹ ತನ್ನ ಬಟ್ಟಲುಗೂಡನ್ನು ಜೇಡನ ನೂಲಿನಿಂದಲೇ ಬಿಗಿಯುತ್ತದೆ.

*ಕಳ್ಳಿ ಬಿಟ್ಟರೆ ಏನೂ ಬೆಳೆಯದ ಕಡೆ ಹಕ್ಕಿಗಳು ಎಲ್ಲಿ ಗೂಡು ಕಟ್ಟುತ್ತವೆ? ನಮ್ಮ ಹೊಲದ ಬೇಲಿಯ ಪಾಪಸುಕಳ್ಳಿಯಂಥದ್ದೇ ಕಳ್ಳಿಯೇ ಅದು?*
— ರಾಗಿ ಬೆಳೆಗಾರರು, ನಾಗಮಂಗಲ

ನಿಮ್ಮ ಬೇಲಿಯ ಎರಡು ಗಿಡಗಳು, ಪಾಪಸುಕಳ್ಳಿ ಮತ್ತು ಕತ್ತಾಳೆ, ಅಮೆರಿಕ ಖಂಡದಿಂದಲೇ ಬಂದವು. ಅಲ್ಲಿ ಕತ್ತಾಳೆಯ ಬಳಗವನ್ನು ಬೆಟ್ಟದ ಇಳಿಜಾರಿನಲ್ಲಿ ಕಂಡಾಗ, ದೂರದ ಊರಿನಲ್ಲಿ ನೆಂಟರು ಸಿಕ್ಕಂತಾಯಿತು. ಅದರ ಹೂವಿಗೆ ರಾತ್ರಿ ಉದ್ದಮೂಗಿನ ಬಾವಲಿ ಬರುತ್ತದೆ. ಈ ಬಾವಲಿಗಳು ಒಂದು ಕಾಲಕ್ಕೆ ಅಳಿವಿನ ಅಂಚಿನಲ್ಲಿದ್ದವು. ಜನರು ಗುಹೆಗಳನ್ನೂ ಕತ್ತಾಳೆಯನ್ನೂ ಕಾಪಾಡಿದ್ದರಿಂದ ಚೇತರಿಸಿಕೊಂಡು, 2018ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಹೊರಬಂದವು. ಹಗಲು ಹಮ್ಮಿಂಗ್ ಬರ್ಡ್ ಕುಡಿದ ಸಕ್ಕರೆ ನೀರಿನ ಬಾಟಲಿಯನ್ನು ಆಗಸ್ಟ್ ರಾತ್ರಿಗಳಲ್ಲಿ ಇವು ಬಂದು ಖಾಲಿ ಮಾಡುತ್ತವೆ.

ಇನ್ನು ಸವಾರೊ. ಬರೆಯುವುದು ಸಗ್ವಾರೊ, ಹೇಳುವುದು ಸವಾರೊ. ಅದು ಕಳ್ಳಿಯಾದರೂ ನಮ್ಮ ತೆಂಗಿನ ಮರದ ಸಾಲಿಗೆ ಸೇರಿಸಬೇಕಾದ ಎತ್ತರ. ಹನ್ನೆರಡು ಮೀಟರ್ ದಾಟುವುದುಂಟು. ಮೊದಲ ತೋಳು ಮೂಡುವುದಕ್ಕೇ ಐವತ್ತು, ಎಪ್ಪತ್ತು ವರ್ಷ ಬೇಕು. ಹೀಲ ಮರಕುಟಿಗ ಎಂಬ ಹಕ್ಕಿ ಅದರ ಕಾಂಡದಲ್ಲಿ ಪೊಟರೆ ಕೊರೆಯುತ್ತದೆ. ಕೊರೆದ ಕೂಡಲೇ ಒಳಗೆ ಹೋಗಿ ಕೂರುವುದಿಲ್ಲ. ಒಳಗೋಡೆಯ ರಸ ಆರಿ ಗಟ್ಟಿಯಾಗಲು ತಿಂಗಳುಗಟ್ಟಲೆ ಕಾಯುತ್ತದೆ. ಕಳ್ಳಿ ತನ್ನ ಗಾಯಕ್ಕೆ ತಾನೇ ಮರದಂಥ ಪದರ ಕಟ್ಟಿಕೊಳ್ಳುತ್ತದೆ. ಕಳ್ಳಿ ಸತ್ತು ಬಿದ್ದು, ತಿರುಳೆಲ್ಲ ಕೊಳೆತು ಹೋದ ಮೇಲೂ ಆ ಪದರ ಮಾತ್ರ ಬುರುಡೆಯಂತೆ ಉಳಿಯುತ್ತದೆ. ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಹೊರಗೆ ಒರಟು, ಒಳಗೆ ಬೆರಳಾಡಿಸಿದರೆ ಹಳೆಯ ಸೋರೆಬುರುಡೆಯ ನುಣುಪು, ಬಾಯಿ ನನ್ನ ಮುಷ್ಟಿಯಷ್ಟು. ಹಿಂದಿನವರು ಅದನ್ನು ಪಾತ್ರೆಯಂತೆ ಬಳಸುತ್ತಿದ್ದರು.

ಮರಕುಟಿಗ ಬಿಟ್ಟುಹೋದ ಪೊಟರೆಗೆ ಎಲ್ಫ್ ಗೂಬೆ ಬಂದು ಸೇರುತ್ತದೆ. ಜಗತ್ತಿನ ಅತಿ ಹಗುರ ಗೂಬೆ, ತೂಕ ನಲವತ್ತು ಗ್ರಾಂ ಆಸುಪಾಸು. ಅದೇ ಕಳ್ಳಿಯ ಇನ್ನೊಂದು ಪೊಟರೆಯಲ್ಲಿ ಪರ್ಪಲ್ ಮಾರ್ಟಿನ್ ಎಂಬ ಕವಲುತೋಕೆಯ ಹಕ್ಕಿ. ಅಮೆರಿಕದ ಪೂರ್ವದಲ್ಲಿ ಈ ಹಕ್ಕಿ ಜನರು ಕಟ್ಟಿಕೊಟ್ಟ ಪೆಟ್ಟಿಗೆಗಳಲ್ಲಿ ಮರಿ ಮಾಡುತ್ತದೆ; ಮರುಭೂಮಿಯಲ್ಲಿ ಮಾತ್ರ ಸವಾರೊ ಪೊಟರೆಯಲ್ಲಿ, ಅದೂ ಮಳೆಬೇಸಿಗೆಗೆ ಹೊಂದಿಸಿಕೊಂಡು. ಒಂದು ಕಳ್ಳಿ ಬಿದ್ದರೆ ಎಷ್ಟು ಮನೆಗಳು ಬೀಳುತ್ತವೆ ಎಂದು ಲೆಕ್ಕ ಹಾಕಿ.

*ನನಗೆ 66 ವರ್ಷ, ಮಂಡಿ ನೋವು. ಕ್ಯಾಮೆರಾ ಇಲ್ಲ. ಹಕ್ಕಿ ನೋಡುವ ಹವ್ಯಾಸ ಈಗ ಶುರು ಮಾಡಬಹುದೇ?*
— ಮೈಸೂರಿನ ಓದುಗರು

ಖಂಡಿತ. ಕ್ಯಾಮೆರಾ ಬೇಡ, ಎಂಟು ಪಟ್ಟು ಹಿಗ್ಗಿಸುವ ದುರ್ಬೀನು ಸಾಕು. ಕುಕ್ಕರಹಳ್ಳಿ ಕೆರೆಯ ಏರಿ ಸಮತಟ್ಟಾಗಿದೆ, ಕೂರಲು ಬೆಂಚುಗಳಿವೆ. ಬೆಳಿಗ್ಗೆ ಬನ್ನಿ, ನಾನೂ ಅಲ್ಲೇ ಇರುತ್ತೇನೆ.

*ಶಾಲೆಯ ಮಕ್ಕಳೊಂದಿಗೆ ಇಂಥ ಹಬ್ಬವನ್ನು ನಮ್ಮ ಕಡೆ ಮಾಡಬಹುದೇ? ನಮ್ಮ ತಾಲ್ಲೂಕಿನಲ್ಲಿ ದೊಡ್ಡ ಕೆರೆಗಳಲ್ಲಿ ನೀರಿಲ್ಲ, ಇರುವುದೆಲ್ಲ ಬೀಳುನೆಲ. ಹಕ್ಕಿ ನೋಡಲು ರಂಗನತಿಟ್ಟಿಗೇ ಹೋಗಬೇಕೇ?*
— ಪ್ರೌಢಶಾಲಾ ಶಿಕ್ಷಕರು, ಕೃಷ್ಣರಾಜಪೇಟೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಬೀಳುನೆಲ" ಎಂಬ ಮಾತಿನ ಬಳಿ ಎರಡು ಸಲವೂ ನಿಂತೆ.

ರಂಗನತಿಟ್ಟಿಗೆ ಮಕ್ಕಳನ್ನು ಅಗತ್ಯವಾಗಿ ಕರೆದುಕೊಂಡು ಹೋಗಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವಾಗಿ ಘೋಷಿಸಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಬೇಸಿಗೆಯ ನಡುವೆ ಮರಿ ಸಾಕುತ್ತವೆ. ಹುಣಸೆಹಣ್ಣಿನ ಆದಾಯ ಕೈಬಿಟ್ಟರೂ ಸರಿ, ಗೂಡು ಕಲಕಬಾರದೆಂದು ಮರ ಮುಟ್ಟದ ಮನೆಗಳು ಅಲ್ಲಿವೆ. ಆದರೆ ನಿಮ್ಮ ಹಬ್ಬವನ್ನು ನಿಮ್ಮೂರಿನ ಬೀಳಿನಲ್ಲೇ ಮಾಡಿ.

ಆರು ವರ್ಷಗಳ ಹಿಂದೆ, ಏಪ್ರಿಲ್ ಕೊನೆ. ಕರಿಘಟ್ಟದ ಹಿಂಬದಿಯ ಕುರುಚಲಿನಲ್ಲಿ ಜಾಲಿ ಮರದ ನೆರಳಿಗೆ ಕುಳಿತಿದ್ದೆ. ಹನ್ನೊಂದು ಗಂಟೆ, ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಹಳದಿ ಟಿಟ್ಟಿಭವೊಂದು ಬಯಲಿನ ಬೆಣಚುಕಲ್ಲುಗಳ ನಡುವೆ ನಿಂತಿತ್ತು. ಕೂತಿರಲಿಲ್ಲ, ನಿಂತು ನೆರಳು ಕೊಡುತ್ತಿತ್ತು. ದುರ್ಬೀನಿನಲ್ಲಿ ನೋಡಿದೆ: ಕಾಲಬುಡದಲ್ಲಿ ನಾಲ್ಕು ಮೊಟ್ಟೆ. ಕಲ್ಲಿಗೂ ಮೊಟ್ಟೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ, ದುಂಡಗಿನ ಆಕಾರವೊಂದೇ ಗುರುತು. ಸ್ವಲ್ಪ ಹೊತ್ತಿಗೆ ಜೋಡಿ ಹಕ್ಕಿ ಹಾರಿಬಂತು. ಅದರ ಎದೆಯ ಕೆಳಗಿನ ಪುಕ್ಕ ಒದ್ದೆಯಾಗಿ ಮುದ್ದೆಗಟ್ಟಿತ್ತು. ದನಗಳ ತೊಟ್ಟಿಯ ಪಕ್ಕದ ಕೊಚ್ಚೆಯಲ್ಲಿ ಹೊಟ್ಟೆ ಅದ್ದಿಕೊಂಡು ಬಂದಿತ್ತು. ಬಂದದ್ದೇ ಮೊಟ್ಟೆಗಳ ಮೇಲೆ ಕುಳಿತು, ಮೈ ಅಲುಗಿಸಿ, ನೀರನ್ನು ಅವಕ್ಕೆ ಒರೆಸಿತು. ನಾನು ಅಲ್ಲಿದ್ದ ಒಂದು ಗಂಟೆಯಲ್ಲಿ ಮೂರು ಸಲ ಹೋಗಿ ಬಂತು. ಕಾವು ಕೊಡುವುದೆಂದರೆ ಬಿಸಿ ಮಾಡುವುದು ಎಂದು ಪಾಠ ಹೇಳಿದ್ದವಳು ನಾನು. ಅಲ್ಲಿ ತಾಯಿ ತಂದೆ ಮೊಟ್ಟೆಯನ್ನು ತಣ್ಣಗಿಡಲು ಹೆಣಗುತ್ತಿದ್ದವು.

ಮರುವರ್ಷ ಹೋದಾಗ ಅದೇ ಜಾಗದಲ್ಲಿ ಸಾಲುಸಾಲಾಗಿ ಗುಂಡಿ ತೋಡಿ ಸಸಿ ನೆಟ್ಟಿದ್ದರು. ನೆಟ್ಟವರ ಮನಸ್ಸು ಒಳ್ಳೆಯದೇ. ಬರಡು ನೆಲವನ್ನು ಹಸಿರು ಮಾಡುತ್ತಿದ್ದೇವೆ ಎಂದು ನಂಬಿದ್ದರು. ಶಾಲೆಯ ಮಕ್ಕಳಿಂದಲೇ ನೆಡಿಸಿದ್ದರು. ಆದರೆ ಬಯಲಿನಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಬಯಲೇ ಮನೆ. ನಾಲ್ಕೂ ಕಡೆ ಕಣ್ಣು ಹಾಯದಿದ್ದರೆ ಅದು ಅಲ್ಲಿ ನಿಲ್ಲುವುದಿಲ್ಲ. ಆ ಬೇಸಿಗೆ ಒಂದೂ ಟಿಟ್ಟಿಭ ಕಾಣಲಿಲ್ಲ. ಟೂಸಾನ್‌ನಲ್ಲಿ ಮುಳ್ಳು, ಕಲ್ಲು, ಕಳ್ಳಿಗಳ ನೆಲವನ್ನು ನೋಡಲು ಜನ ದುಡ್ಡು ಕೊಟ್ಟು ದೂರದೂರದಿಂದ ಬರುವುದನ್ನು ಕಂಡಾಗ, ನನಗೆ ನೆನಪಾದದ್ದು ಆ ಗುಂಡಿಗಳ ಸಾಲು.

ನಿಮ್ಮ ಬೀಳಿನಲ್ಲಿ ಗೌಜಲಹಕ್ಕಿ ಇದ್ದೇ ಇರುತ್ತದೆ, ನೆಲಗುಬ್ಬಿಗಳಿರುತ್ತವೆ, ಕಳಿಂಗ, ಕೆಂಬೂತ, ಕಳ್ಳಿಪೀರ ಇರುತ್ತವೆ. ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಬೇಡಿ. "ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ" ಎನ್ನುವ ಮಾತು ನಿಮ್ಮ ಮಕ್ಕಳ ಅಜ್ಜ ಅಜ್ಜಿಯರ ಬಾಯಲ್ಲಿ ಇದ್ದೀತು. ಏಪ್ರಿಲ್ ಕೊನೆಯಲ್ಲಿ ಭರಣಿ ಹುಟ್ಟುತ್ತದೆ. ಒಂದು ಒಳ್ಳೆಯ ಮಳೆ ಬಿದ್ದು ವಾರ, ಹತ್ತು ದಿನವಾದ ಮೇಲೆ ಹೋಗಿ. ಶಾಲೆಗೆ ರಜೆ ಇದ್ದರೂ ಊರಿನಲ್ಲಿರುವ ಮಕ್ಕಳು ಬರುತ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟು ಎಂಟೂವರೆಗೆ ಮುಗಿಸಿ. ಪೊದೆಯ ತುದಿಯಿಂದ ನೆಲಗುಬ್ಬಿ ಹಾಡುತ್ತ ಮೇಲೇರಿ, ರೆಕ್ಕೆ ಬಿಚ್ಚಿ, ಕಾಲು ಇಳಿಬಿಟ್ಟು ತೇಲುತ್ತ ಅದೇ ಪೊದೆಗೆ ಇಳಿಯುವುದನ್ನು ಒಬ್ಬ ಹುಡುಗ ನೋಡಿದರೂ ಹಬ್ಬ ಆಯಿತು. ಗೂಡು ಕಂಡರೆ ಫೋಟೊ ಬೇಡ, ದಾರಿ ಬದಲಿಸಿ ನಡೆಯಿರಿ. ಹೆಸರು ಗೊತ್ತಿಲ್ಲದ ಹಕ್ಕಿಗೆ ಊರಿನವರು ಏನೆನ್ನುತ್ತಾರೆ ಎಂದು ಕೇಳಿ ಬರೆಸಿ. ಕುರಿ ಮೇಯಿಸುವವರಿಗೆ ತಿಳಿದಿರುವಷ್ಟು ನನಗೆ ತಿಳಿದಿಲ್ಲ. ಎರಡನೆಯ ವರ್ಷ ಮೇಲುಕೋಟೆಗೆ ಹೋಗಬಹುದು. ತೋಳಗಳಿಗಾಗಿ 1974ರಲ್ಲಿ ಮಾಡಿದ ವನ್ಯಧಾಮ ಅಲ್ಲಿದೆ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

*ಮಳೆಗಾಲದ ಇಂಥ ಹಕ್ಕಿ ನೋಟ ನಮ್ಮ ದೇಶದ ಒಣನಾಡಿನಲ್ಲೂ ಇದೆಯೇ?*
— ವಕೀಲರು, ಮಳವಳ್ಳಿ

ಇದೆ. ರಾಜಸ್ಥಾನ, ಗುಜರಾತ್‌ಗಳ ಹುಲ್ಲುಗಾವಲಿನಲ್ಲಿ ಮಳೆ ಬಿದ್ದು ಹುಲ್ಲು ಎದ್ದಾಗ ಲೆಸ್ಸರ್ ಫ್ಲೋರಿಕನ್ ಎಂಬ ಹಕ್ಕಿಯ ಗಂಡುಗಳು ಹೆಣ್ಣನ್ನು ಕರೆಯಲು ಹುಲ್ಲಿನ ಮೇಲಕ್ಕೆ ಚಿಮ್ಮಿ ಚಿಮ್ಮಿ ಜಿಗಿಯುತ್ತವೆ. ಇದು ಈಗ ಅಳಿವಿನ ತೀರಾ ಅಂಚಿನಲ್ಲಿರುವ ಹಕ್ಕಿ. ಅದರ ಹುಲ್ಲುಗಾವಲನ್ನೂ ದಾಖಲೆಗಳಲ್ಲಿ ಪಾಳು ಎಂದೇ ಬರೆದುಕೊಂಡು ಬಂದರು.

*ಅಲ್ಲಿರುವ ಹಕ್ಕಿ ಇಲ್ಲೂ ಇದೆಯಾ ಮೇಡಂ? ಒಂದಾದರೂ?*
— ಆರನೆಯ ತರಗತಿ, ಪಾಂಡವಪುರ

ಇದೆ ಮಗು. ಸ್ವೀಟ್‌ವಾಟರ್ ಜೌಗಿನಲ್ಲಿ ಸಂಜೆ ನಿಂತಿದ್ದಾಗ ಆಪು ಹುಲ್ಲಿನ ನಡುವಿನಿಂದ ಗಿಡ್ಡ ಕತ್ತಿನ, ಕೆಂಪು ಕಣ್ಣಿನ ಹಕ್ಕಿಯೊಂದು ಎದ್ದು "ಕ್ವಾಕ್" ಎಂದು ಕೂಗುತ್ತ ಹಾರಿತು. ಇರುಳು ಬಕ. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಹಗಲೆಲ್ಲ ಮೈ ಮುದುಡಿ ಕುಳಿತಿರುತ್ತದಲ್ಲ, ಅದೇ ಜಾತಿ, ಅದೇ ಕೂಗು. ನಿಮ್ಮೂರಿನ ನಾಲೆಯ ಬದಿಯಲ್ಲಿ ಸೂರ್ಯ ಮುಳುಗಿ ಕಾಲು ಗಂಟೆಯಾದ ಮೇಲೆ ಅಪ್ಪ ಅಥವಾ ಅಮ್ಮನ ಜೊತೆ ನಿಂತು ಕಿವಿಗೊಡು. ಕೇಳಿಸಿದರೆ ದಿನಾಂಕ, ಹೊತ್ತು, ಎಷ್ಟು ಸಲ ಕೂಗಿತು ಎಂದು ಬರೆದು ನನಗೆ ಕಳುಹಿಸು. ಮುಂದಿನ ತಿಂಗಳು ಇಲ್ಲೇ ಅಚ್ಚು ಹಾಕಿಸುತ್ತೇನೆ.